ವೋಟರ್ ಪಟ್ಟಿ ಹಿಡಿದು ವಾರ್ಡು ಅಳೆಯಬೇಡಿ

ಕೇರಳದಲ್ಲಿ 2025ರ ಡಿಸೆಂಬರಿನ ಪಂಚಾಯತ್ ಚುನಾವಣೆ ಮುಗಿದರೂ ವಾರ್ಡು ಗಡಿಯ ತಕರಾರು ಮುಗಿದಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೈವಳಿಕೆ ಕಡೆಯಿಂದ ಬರುವವರು ನನ್ನ ಮೇಜಿನ ಮೇಲೆ ಮೊದಲು ಹರಡುವುದು ಮತದಾರರ ಪಟ್ಟಿಯನ್ನೇ. "ನೋಡಿ ವಕೀಲ್ರೇ, ನಮ್ಮಲ್ಲಿ ಓಟು ಸಾವಿರದ ನೂರು. ತೋಡಿನ (ಹಳ್ಳದ) ಆಚೆ ಒಂಬೈನೂರೂ ಇಲ್ಲ. ಅನ್ಯಾಯ ಅಲ್ವಾ?"

ಅನ್ಯಾಯ ಇರಲೂಬಹುದು. ಆ ಪಟ್ಟಿಯಿಂದ ಮಾತ್ರ ಅದು ಗೊತ್ತಾಗುವುದಿಲ್ಲ. ವಾರ್ಡು ಮಾಡುವುದು ಓಟಿನ ಲೆಕ್ಕದಲ್ಲಲ್ಲ, ಜನಸಂಖ್ಯೆಯ ಲೆಕ್ಕದಲ್ಲಿ. ಸಂವಿಧಾನದ 243ಸಿ ವಿಧಿ ಹೇಳುವುದು ಅದನ್ನೇ. ಜನಸಂಖ್ಯೆ ಎಂದರೆ ಅಂಕಿ ಪ್ರಕಟವಾದ ಕೊನೆಯ ಜನಗಣತಿಯದ್ದು, ಸದ್ಯಕ್ಕೆ 2011ರದ್ದು. ತೊಟ್ಟಿಲ ಮಗುವೂ ಅಲ್ಲಿ ಒಂದು ತಲೆ.

ಇಷ್ಟು ಹೇಳಿದರೆ ಹೂಂಗುಟ್ಟಿ ಮತ್ತೆ ಅದೇ ಪಟ್ಟಿಯ ಪುಟ ಮಗುಚುತ್ತಾರೆ. ಆಗ ಲೆಕ್ಕ ಹಾಕಿಯೇ ತೋರಿಸಬೇಕು. ಪಂಚಾಯತ್ ರಾಜ್ ಕಾಯ್ದೆಯ 2024ರ ತಿದ್ದುಪಡಿಯ ಬಳಿಕ ಕೇರಳದ ಗ್ರಾಮ ಪಂಚಾಯತಿಗೆ ಕನಿಷ್ಠ 14, ಗರಿಷ್ಠ 24 ವಾರ್ಡು. 15,000 ಜನರವರೆಗೆ 14, ಅಲ್ಲಿಂದ ಮೇಲೆ ಪ್ರತಿ 2,500ಕ್ಕೆ ಇನ್ನೊಂದು. 20,000 ಜನರಿದ್ದರೆ 16 ವಾರ್ಡು, ವಾರ್ಡಿಗೆ ಸರಾಸರಿ 1,250. ಶೇ. 10ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಅಂದರೆ 1,125ರಿಂದ 1,375. ಅದರೊಳಗೆ ಬಂದ ವಾರ್ಡಿನಲ್ಲಿ ಓಟು ಎಷ್ಟೇ ಇರಲಿ, ಸಂಖ್ಯೆ ಹಿಡಿದು ವಾದಿಸುವುದು ಕಷ್ಟ. ಕಾಗದ ನೋಡದೆ ಖಂಡಿತ ಎಂದು ಮಾತ್ರ ಹೇಳಲಾರೆ.

ಓಟಿಗೂ ತಲೆಗೂ ಅಂತರ ಬೀಳುವುದು ನಮ್ಮ ಕಾಸರಗೋಡಿನಲ್ಲಿ ಹೊಸತೂ ಅಲ್ಲ. ಪೇಟೆ ಬದಿಯ ಕ್ವಾರ್ಟರ್ಸ್‌ನಲ್ಲಿ ವಾಸವಿರುವ ಹೊರರಾಜ್ಯದ ಕೆಲಸಗಾರರು ಗಣತಿಗೆ ಇಲ್ಲಿಯವರು, ಅವರ ಓಟು ಅವರ ಊರಿನಲ್ಲಿ. ಗಲ್ಫಿಗೆ ಹೋದವರದ್ದು ತಿರುಗುಮುರುಗು: ಪಟ್ಟಿಯಲ್ಲಿ ಹೆಸರು ಉಳಿದಿರುತ್ತದೆ, ಗಣತಿಯವರಿಗೆ ಆಳು ಸಿಗುವುದಿಲ್ಲ.

2024ರ ನವೆಂಬರ್ 18ರಂದು ವಾರ್ಡು ವಿಂಗಡಣೆಯ ಕರಡು ಹೊರಬಿದ್ದ ಮೇಲೆ ನಿವೃತ್ತ ಮಾಷ್ಟ್ರೊಬ್ಬರು ಮೂರು ಪುಟದ ಆಕ್ಷೇಪ ಬರೆದು ತಂದರು. ಅಚ್ಚ ಕನ್ನಡ, ದುಂಡು ಅಕ್ಷರ. (ಕನ್ನಡದಲ್ಲಿ ಬರೆಯಲು ಅಂಜಬೇಕಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಹಾಗೆ ಬರೆಯುವ ಹಕ್ಕನ್ನು 1969ರ ಆಡಳಿತ ಭಾಷಾ ಕಾಯ್ದೆಯೇ ಕೊಟ್ಟಿದೆ.) ಎರಡೂವರೆ ಪುಟ ಬರೀ ಓಟಿನ ಕೂಡಿಸಿ ಕಳೆಯುವಿಕೆ. ಕೊನೆಯಲ್ಲಿ, ಹೋಗುವವನು ಬಾಗಿಲಲ್ಲಿ ನಿಂತು ಹೇಳಿದ ಹಾಗೆ ಒಂದು ಸಾಲು: ತೋಡಿಗೆ ಸಂಕ (ಕಾಲುಸೇತುವೆ) ಇಲ್ಲ, ಮಳೆಗಾಲದಲ್ಲಿ ಸುತ್ತಿ ಬಳಸಿ ಹೋಗಬೇಕು.

"ಮಾಷ್ಟ್ರೇ, ಇದಲ್ವಾ ವಿಷಯ! ತೋಡನ್ನೇ ಗಡಿ ಮಾಡಿ ಅಂತ ಕೇಳಿ."

"ಅದು ಗೆರೆ ಎಳೆಯುವವರಿಗೇ ಗೊತ್ತಿರಬೇಡವೇ?"

ಗೊತ್ತಿರುವುದಿಲ್ಲ. ತೋಡು, ರಸ್ತೆ, ರೈಲುಹಳಿಯಂಥ ಗುರುತುಗಳನ್ನು ಹಿಡಿದೇ ಗೆರೆ ಎಳೆಯಬೇಕು, ನಿಜ. ಆದರೆ ಯಾವ ಸಂಕ ಮುರಿದಿದೆ ಎಂದು ನಕ್ಷೆ ಹೇಳುವುದಿಲ್ಲ. ಜತೆಗೆ, ಆಚೆ ದಾಟಿಸುವ ಮನೆಗಳ ನಂಬರು ಯಾವುದು, ಅವು ಹೋದರೆ ಬಿಟ್ಟ ವಾರ್ಡಿಗೆ ಎಷ್ಟು ಜನ ಉಳಿಯುತ್ತಾರೆ ಎಂಬುದನ್ನೂ ಬರೆಯಬೇಕು. ಮಾಷ್ಟ್ರು ಹಳೆಯ ಎರಡೂವರೆ ಪುಟವನ್ನು ಬಿಡಲೊಪ್ಪದೆ ಅದನ್ನೂ ಲಗತ್ತಿಸಿಯೇ ಕೊಟ್ಟರು.

ಮುಂದಿನ ಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ. ಅದು ಮುಂದಿನ ವಾರ್ಡು ವಿಂಗಡಣೆಗೂ ಬಳಕೆಯಾದೀತು ಎಂದೊಡನೆ ಮೊನ್ನೆಯೊಬ್ಬರು ಕೇಳಿದರು, "ಹಾಗಾದರೆ ಬೆಂಗಳೂರಿನಲ್ಲಿ ಮನೆ ಮಾಡಿರುವ ಮಗನನ್ನೂ ಸೊಸೆಯನ್ನೂ ಇಲ್ಲೇ ಬರೆಸಿಬಿಡಲಾ?" ಬೇಡ ಅಣ್ಣ, ಅವರು ಬೆಂಗಳೂರಿನ ಲೆಕ್ಕಕ್ಕೆ.