ಎರಡನೇ ಪ್ರಾಶಸ್ತ್ಯ ಕೊಟ್ಟರೆ ಮೊದಲಿನವರಿಗೆ ಏಟು ಬೀಳುತ್ತದೆಯೇ?

ಪ್ರಶ್ನೆ: ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆ ಬಂತೆಂದರೆ ಮನೆಗೆ ಬರುವ ಕಾರ್ಯಕರ್ತರು, ‘ನಮ್ಮವರ ಮುಂದೆ 1 ಅಂತ ಬರೀರಿ ಸಾರ್, ಅಷ್ಟೇ ಸಾಕು. 2 ಬರೆದ್ರೆ ನಮ್ಮವರ ಓಟೇ ಹಂಚಿಹೋಗುತ್ತೆ’ ಅನ್ನುತ್ತಾರೆ. ಇದು ನಿಜವೇ? (ಮಂಡ್ಯದ ಓದುಗರೊಬ್ಬರು)

ಉತ್ತರ: ನಿಜವಲ್ಲ. ಈ ಚುನಾವಣೆಯಲ್ಲಿ ಅಭ್ಯರ್ಥಿಗಳ ಮುಂದೆ ನಿಮ್ಮ ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಬರೆಯುತ್ತೀರಿ; ಪ್ರಾಶಸ್ತ್ಯ ಎಂದರೆ ಇದೇ. ನೀವು 1 ಕೊಟ್ಟ ಅಭ್ಯರ್ಥಿ ಕಣದಲ್ಲಿ ಇರುವಷ್ಟು ಹೊತ್ತೂ ನಿಮ್ಮ 2 ಲೆಕ್ಕಕ್ಕೇ ಬರುವುದಿಲ್ಲ. ಅವರು ಹೊರಬಿದ್ದ ಮೇಲಷ್ಟೇ ಎಣಿಕೆ ಸಿಬ್ಬಂದಿ ನಿಮ್ಮ ಮತಪತ್ರವನ್ನು ಮತ್ತೆ ಕೈಗೆತ್ತಿಕೊಂಡು ‘ಮುಂದಿನದು ಯಾರಿಗೆ?’ ಎಂದು ನೋಡುತ್ತಾರೆ. ಒಂದು ಮತಪತ್ರ ಯಾವ ಗಳಿಗೆಯಲ್ಲೂ ಒಬ್ಬರ ಲೆಕ್ಕದಲ್ಲೇ ಇರುತ್ತದೆ, ಅದೂ ಇಡಿಯಾಗಿ. ಹಂಚಿಹೋಗುವ ಮಾತೇ ಇಲ್ಲ.

ಗೊಂದಲಕ್ಕೆ ಕಾರಣ ನಮಗೆ ರೂಢಿಯಾಗಿರುವ ವಿಧಾನಸಭೆ, ಲೋಕಸಭೆ ಚುನಾವಣೆಗಳು. ಅಲ್ಲಿ ಒಂದು ಗುಂಡಿ, ಒಂದು ಆಯ್ಕೆ. ಯಾರಿಗೆ ಹೆಚ್ಚು ಬಂತೋ ಅವರು ಗೆದ್ದರು, ಅರ್ಧಕ್ಕಿಂತ ಹೆಚ್ಚು ಮತ ಬರಲೇಬೇಕೆಂದಿಲ್ಲ. 2004ರಲ್ಲಿ ನಮ್ಮ ಪಕ್ಕದ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದು, ಒಂದೇ ಮತದಲ್ಲಿ ತೀರ್ಮಾನವಾಗಿದ್ದು ಈ ಭಾಗದವರಿಗೆಲ್ಲ ನೆನಪಿದೆ. ಮತದಾರರ ಎರಡನೇ ಆಯ್ಕೆ ಯಾರು ಎಂದು ಕೇಳುವ ದಾರಿಯೇ ಆ ಪದ್ಧತಿಯಲ್ಲಿಲ್ಲ.

ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಜಿಲ್ಲೆಗಳು ಸೇರಿದ ದಕ್ಷಿಣ ಪದವೀಧರ ಕ್ಷೇತ್ರ ಮತ್ತು ದಕ್ಷಿಣ ಶಿಕ್ಷಕರ ಕ್ಷೇತ್ರದಲ್ಲಿ ಲೆಕ್ಕ ಬೇರೆ. ಮೊದಲು ತಿರಸ್ಕೃತ ಮತಗಳನ್ನು ಬೇರ್ಪಡಿಸುತ್ತಾರೆ. ಉಳಿದ ಸಿಂಧು ಮತಗಳನ್ನು ಎರಡರಿಂದ ಭಾಗಿಸಿ, ಶೇಷ ಬಿಟ್ಟು, ಒಂದು ಕೂಡಿಸಿದರೆ ಬರುವುದೇ ಕೋಟಾ. ಯಾರಾದರೂ ಕೋಟಾ ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ಹೊರಗಿಟ್ಟು, ಅವರ ಕಂತೆ ಬಿಚ್ಚಿ, ಒಂದೊಂದೇ ಮತಪತ್ರವನ್ನು ಮುಂದಿನ ಪ್ರಾಶಸ್ತ್ಯದವರಿಗೆ ಸೇರಿಸುತ್ತಾರೆ. ಕೆಳಗಿನ ಇಬ್ಬರು ಸಮ ಸಮ ಬಂದರೆ ಮೊದಲ ಸುತ್ತಿನಲ್ಲಿ ಕಡಿಮೆ ಪಡೆದವರು ಹೊರಗೆ; ಅಲ್ಲೂ ಸಮವಾದರೆ ಚೀಟಿ ಎತ್ತುತ್ತಾರೆ.

ಲೆಕ್ಕ ಹಾಕಿ ನೋಡಿದರೆ ಬೇಗ ಅರ್ಥವಾಗುತ್ತದೆ. ಸಿಂಧು ಮತ 10,000 ಎಂದಿಟ್ಟುಕೊಳ್ಳಿ; ಕೋಟಾ 5,001. ಮೊದಲ ಪ್ರಾಶಸ್ತ್ಯದಲ್ಲಿ ‘ಕ’ 4,200, ‘ಖ’ 3,300, ‘ಗ’ 1,500, ‘ಘ’ 1,000. ಯಾರೂ ಕೋಟಾ ಮುಟ್ಟಲಿಲ್ಲ, ‘ಘ’ ಹೊರಗೆ. ಅವರ ಸಾವಿರ ಮತಪತ್ರಗಳಲ್ಲಿ 200 ‘ಕ’ಗೆ, 350 ‘ಖ’ಗೆ, 250 ‘ಗ’ಗೆ ಹೋದವು. ಉಳಿದ 200ರಲ್ಲಿ 1 ಬಿಟ್ಟರೆ ಬೇರೇನೂ ಬರೆದಿಲ್ಲ, ಅವನ್ನು ಪಕ್ಕಕ್ಕಿಟ್ಟರು. ಈಗ ‘ಗ’ ಬಳಿ ಇರುವುದು 1,750, ಅವರೂ ಹೊರಗೆ. 400 ‘ಕ’ಗೆ, 1,000 ‘ಖ’ಗೆ, 350 ಮತ್ತೆ ಪಕ್ಕಕ್ಕೆ. ಕೊನೆಗೆ ‘ಕ’ 4,800, ‘ಖ’ 4,650.

ಇಬ್ಬರೂ ಕೋಟಾ ಮುಟ್ಟಿಲ್ಲ ನೋಡಿ. ಮತಪತ್ರಗಳು ಪಕ್ಕಕ್ಕೆ ಹೋದವೆಂದು ಕೋಟಾ ಇಳಿಸುವುದಿಲ್ಲ. ಕೆಳಗಿರುವ ‘ಖ’ರನ್ನು ಹೊರಗಿಟ್ಟು, ಉಳಿದ ಒಬ್ಬರೇ ಆದ ‘ಕ’ ಗೆದ್ದರೆಂದು ಘೋಷಿಸುತ್ತಾರೆ. ಅಂತರ 150, ಪಕ್ಕಕ್ಕೆ ಸರಿದ ಮತಪತ್ರ 550. ಅವುಗಳಲ್ಲಿ 200 ಜನ ‘ಖ’ ಮುಂದೆ ಮುಂದಿನ ಅಂಕಿ ಬರೆದಿದ್ದರೆ ‘ಖ’ 4,850ಕ್ಕೆ ಏರಿ ಫಲಿತಾಂಶವೇ ತಿರುಗುತ್ತಿತ್ತು. ‘1 ಮಾತ್ರ ಬರೀರಿ’ ಎಂಬ ಮಾತಿನಿಂದ ಲಾಭವಾಗುವುದು ಮೊದಲ ಸುತ್ತಿನಲ್ಲಿ ಮುಂದಿರುವ ಅಭ್ಯರ್ಥಿಗೆ. ‘ಗ’, ‘ಘ’ ಬೆಂಬಲಿಗರು ಆ ಮಾತು ಕೇಳಿದರೆ ಕೊನೆಯ ಇಬ್ಬರಲ್ಲಿ ಯಾರು ಬೇಕೆಂದು ಹೇಳುವ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತೆ. ಎಷ್ಟು ಅಭ್ಯರ್ಥಿಗಳಿದ್ದಾರೋ ಅಷ್ಟೂ ಅಂಕಿ ಬರೆಯಬಹುದು. ಯಾರು ಬೇಡವೇ ಬೇಡವೋ ಅವರ ಮುಂದೆ ಖಾಲಿ ಬಿಡಿ.

ಹಾಗೆಂದು ಈ ಪದ್ಧತಿ ದೋಷವಿಲ್ಲದ್ದೇನಲ್ಲ. ಬಹುತೇಕ ಎಲ್ಲರೂ 2 ಕೊಟ್ಟ, ಆದರೆ 1 ಕಡಿಮೆ ಸಿಕ್ಕ ವ್ಯಕ್ತಿ ಮೊದಲೇ ಹೊರಬೀಳುತ್ತಾರೆ. ಅವರಿಗೆ ಬಂದ ಆ 2ಗಳನ್ನು ಯಾರೂ ತೆರೆದು ನೋಡುವುದಿಲ್ಲ. ಆದ್ದರಿಂದ ನಿಜಕ್ಕೂ ಬೇಕಾದವರಿಗೆ ‘2 ಕೊಟ್ಟರಾಯಿತು’ ಎನ್ನುವುದು ತಪ್ಪು ಲೆಕ್ಕ. ಅವರಿಗೆ 1 ಕೊಡಿ.

‘ಹಂಚಿಕೆ’ ಎಂಬ ಮಾತು ಸ್ವಲ್ಪ ಹೊಂದುವುದು ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ಚುನಾವಣೆಗೆ. ಶಾಸಕರು ರಾಜ್ಯಸಭೆಗೆ ನಾಲ್ವರನ್ನು ಆರಿಸುವಾಗ ಪ್ರತಿ ಮತಕ್ಕೆ 100 ಮೌಲ್ಯ. 224 ಶಾಸಕರ ಮತವೂ ಸಿಂಧುವಾದರೆ 22,400ನ್ನು ಐದರಿಂದ ಭಾಗಿಸಿ ಒಂದು ಕೂಡಿಸಿ, ಕೋಟಾ 4,481. ಅಂದರೆ 45 ಶಾಸಕರು ಬೇಕು. ಗೆದ್ದವರಿಗೆ ಕೋಟಾ ಮೀರಿ ಬಂದ ಹೆಚ್ಚುವರಿ ಮೌಲ್ಯ ಮಾತ್ರ ಮುಂದಿನವರಿಗೆ ಹರಿಯುತ್ತದೆ. ಅಲ್ಲೂ ಗೆದ್ದವರಿಗೆ ನಷ್ಟವಿಲ್ಲ.

ಇನ್ನು ಮತ ಎಲ್ಲಿ ಕೆಡುತ್ತದೆ ಎಂಬುದು. ಪದವೀಧರರೂ ಶಿಕ್ಷಕರೂ ಹಾಕುವ ಮತ ಕೆಡುವುದೇ ಎಂದು ಆಶ್ಚರ್ಯಪಡಬೇಡಿ. ಇಲ್ಲಿ ಯಂತ್ರವಿಲ್ಲ, ಕಾಗದದ ಮತಪತ್ರ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. ಜೇಬಿನ ಪೆನ್ನು ತೆಗೆದರೆ ಮತ ಹೋಯಿತು. ಟಿಕ್ ಮಾರ್ಕ್ ಹಾಕಿ 1 ಬರೆಯದಿದ್ದರೆ, ಇಬ್ಬರ ಮುಂದೆ 1 ಬರೆದರೆ, ಒಬ್ಬರ ಮುಂದೆಯೇ 1 ಮತ್ತು 2 ಎರಡನ್ನೂ ಬರೆದರೆ, ಇಬ್ಬರ ನಡುವಿನ ಗೆರೆಯ ಮೇಲೆ 1 ಕೂತು ಯಾರಿಗೆಂದು ತಿಳಿಯದಂತಾದರೆ ಇಡೀ ಮತಪತ್ರ ತಿರಸ್ಕೃತ. ಸಹಿ, ಹೆಸರು, ಗುರುತು ಸಿಗುವ ಯಾವ ಬರಹವಿದ್ದರೂ ಅಷ್ಟೆ. ‘ಒಂದು’ ಎಂದು ಅಕ್ಷರದಲ್ಲಿ ಬರೆಯಬಾರದು, ಅಂಕಿಯೇ ಆಗಬೇಕು. ಕನ್ನಡದ ೧, ೨, ೩ ನಡೆಯುತ್ತದೆ. ಆದರೆ ಆತುರದಲ್ಲಿ ೧ರ ಬಾಯಿ ಮುಚ್ಚಿಬಿಟ್ಟರೆ ಸೊನ್ನೆಯಂತೆ ಕಾಣುತ್ತದೆ, ನಿಧಾನವಾಗಿ ಬರೆಯಿರಿ. ಯಾವುದನ್ನು ಹಿಡಿದಿರೋ ಕೊನೆಯವರೆಗೂ ಅದೇ ಇರಲಿ.

ನಂತರದ ಅಂಕಿಗಳಲ್ಲಿ ತಪ್ಪಾದರೆ ಇಷ್ಟು ಕಠಿಣವಿಲ್ಲ. 1, 2 ಬರೆದು 3 ಬಿಟ್ಟು 4 ಬರೆದಿದ್ದರೆ, ಇಲ್ಲವೇ ಇಬ್ಬರಿಗೂ 3 ಕೊಟ್ಟಿದ್ದರೆ 1 ಮತ್ತು 2 ಊರ್ಜಿತ; ಅಲ್ಲಿಂದ ಮುಂದಕ್ಕೆ ಮಾತ್ರ ಮತಪತ್ರ ನಿಷ್ಕ್ರಿಯ.

ಇಷ್ಟೆಲ್ಲ ತಿಳಿದೂ ಮತಗಟ್ಟೆಯಿಂದ ವಾಪಸು ಬರುವವರಿದ್ದಾರೆ. ಮಾಮೂಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿ ಸಾಲದು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿಯೇ ಮಾಡುತ್ತಾರೆ. ಕಳೆದ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಪದವೀಧರರಿಗೆ ಫಾರಂ 18, ಶಿಕ್ಷಕರಿಗೆ ಫಾರಂ 19. ಅರ್ಹತಾ ದಿನ ನವೆಂಬರ್ 1. ಅದಕ್ಕೆ ಕನಿಷ್ಠ ಮೂರು ವರ್ಷ ಮೊದಲೇ ಪದವಿ ಮುಗಿದಿರಬೇಕು. ಶಿಕ್ಷಕರಾದರೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಪಾಠ ಮಾಡಿರಬೇಕು. ದಕ್ಷಿಣ ಪದವೀಧರ ಕ್ಷೇತ್ರಕ್ಕೆ 2022ರಲ್ಲಿ ಚುನಾವಣೆ ನಡೆದಿದೆ, ಅವಧಿ ಆರು ವರ್ಷ. 2028ರ ಚುನಾವಣೆಗೆ 2027ರ ದಸರಾ ಮುಗಿಯುವ ಹೊತ್ತಿಗೇ ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿ ತೆಗೆದಿಟ್ಟುಕೊಂಡು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.