ಪದ ಪರಿಚಯ: ನಿಲುಗಡೆ ದೂರ

ಎದುರಿನ ಅಡ್ಡಿ ಚಾಲಕನ ಕಣ್ಣಿಗೆ ಬಿದ್ದ ಕ್ಷಣದಿಂದ ವಾಹನ ಪೂರ್ತಿ ನಿಲ್ಲುವವರೆಗೆ ಸಾಗುವ ದೂರವನ್ನು ನಿಲುಗಡೆ ದೂರ ಅಥವಾ ಸ್ಟಾಪಿಂಗ್ ಡಿಸ್ಟೆನ್ಸ್ ಎನ್ನುತ್ತಾರೆ. ಇದರಲ್ಲಿ ಎರಡು ಭಾಗಗಳಿವೆ. ಕಂಡದ್ದು ಅಪಾಯವೆಂದು ಹೊಳೆದು, ಕಾಲು ಆಕ್ಸಿಲರೇಟರ್‌ನಿಂದ ಎದ್ದು ಬ್ರೇಕ್ ಒತ್ತುವವರೆಗೆ ಗಾಡಿ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಅದು ಪ್ರತಿಕ್ರಿಯೆ ದೂರ. ಬ್ರೇಕ್ ಹಿಡಿದ ಮೇಲೆ ನಿಲ್ಲುವವರೆಗೆ ಸಾಗಿದ್ದು ಬ್ರೇಕಿಂಗ್ ದೂರ. ಮೊದಲನೆಯದು ವೇಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡನೆಯದು ವೇಗದ ವರ್ಗದ ಪ್ರಮಾಣದಲ್ಲಿ, ಅಂದರೆ ವೇಗ ಎರಡು ಪಟ್ಟಾದರೆ ಬ್ರೇಕಿಂಗ್ ದೂರ ನಾಲ್ಕು ಪಟ್ಟು.

ಲೆಕ್ಕ ಹಾಕಿ ನೋಡೋಣ. ಗಂಟೆಗೆ ಇಷ್ಟು ಕಿ.ಮೀ. ಎಂಬ ವೇಗವನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಎಚ್ಚರವಾಗಿರುವ ಚಾಲಕನಿಗೆ ಪ್ರತಿಕ್ರಿಯಿಸಲು ಒಂದೂವರೆ ಸೆಕೆಂಡ್ ಬೇಕೆಂದುಕೊಂಡರೆ ಅಷ್ಟರಲ್ಲೇ 42 ಮೀಟರ್ ಹೋಯಿತು. ಒಣ ಡಾಂಬರು, ಒಳ್ಳೆಯ ಟೈರು, ಘರ್ಷಣಾಂಕ (ರಸ್ತೆಯ ಮೇಲೆ ಟೈರಿನ ಹಿಡಿತದ ಅಳತೆ) 0.7 ಇದ್ದರೆ ಬ್ರೇಕಿಂಗಿಗೆ 56 ಮೀಟರ್. ಒಟ್ಟು 98. ಇದೇ ಲೆಕ್ಕದಲ್ಲಿ 130ರ ವೇಗಕ್ಕೆ 149 ಮೀಟರ್, 160ಕ್ಕೆ 211 ಮೀಟರ್ ಬೇಕು.

ಇಲ್ಲಿ ಬಹಳ ಜನ ತಪ್ಪು ತಿಳಿಯುವುದು ಒಂದಿದೆ. 130ರಲ್ಲಿದ್ದವನು 100ರಲ್ಲಿದ್ದವನಿಗಿಂತ ಐವತ್ತು ಮೀಟರ್ ಮುಂದೆ ಹೋಗಿ ನಿಲ್ಲುತ್ತಾನೆ, ತಾಗಿದರೂ ಮೆಲ್ಲಗೆ ತಾಗೀತು ಎಂದು ಅವರ ಊಹೆ. ಇಬ್ಬರಿಗೂ 98 ಮೀಟರ್ ಮುಂದೆ ಕೆಟ್ಟು ನಿಂತ ಲಾರಿ ಒಂದೇ ಕ್ಷಣಕ್ಕೆ ಕಂಡಿತು ಎನ್ನಿ. 100ರ ಕಾರು ಲಾರಿಯ ಹಿಂದೆ ನಿಂತುಬಿಡುತ್ತದೆ. 130ರ ಕಾರು ಬ್ರೇಕ್ ಹಿಡಿಯುವ ಮೊದಲೇ 54 ಮೀಟರ್ ಸಾಗಿರುತ್ತದೆ. ಉಳಿದ 44 ಮೀಟರ್‌ನಲ್ಲಿ ಅದರ ವೇಗ ಇಳಿಯುವುದು 95ಕ್ಕೆ ಮಾತ್ರ. 95ರ ವೇಗದಲ್ಲೇ ಲಾರಿಗೆ ಗುದ್ದುತ್ತದೆ. 160ರ ಕಾರು ಗುದ್ದುವಾಗ ಮುಳ್ಳು ಇನ್ನೂ 140ರ ಮೇಲಿರುತ್ತದೆ. ಬ್ರೇಕಿಂಗ್‌ನಲ್ಲಿ ವೇಗದ ಅರ್ಧದಷ್ಟು ಇಳಿಯುವುದು ಬ್ರೇಕಿಂಗ್ ದೂರದ ಕೊನೆಯ ಕಾಲು ಭಾಗದ ಮೀಟರ್‌ಗಳಲ್ಲಿ. ಆ ಮೀಟರ್‌ಗಳು ಸಿಗದವನಿಗೆ ಬ್ರೇಕ್ ಇದ್ದೂ ಪ್ರಯೋಜನ ಕಡಿಮೆ.

ಕಾರಿಗೆ ಐದು ಸ್ಟಾರ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಸಾಲದು. ಕಾರುಗಳ ಸುರಕ್ಷತೆ ಅಳೆದು ಆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್‌ನ ಮುಂಭಾಗದ ಡಿಕ್ಕಿ ಪರೀಕ್ಷೆ ನಡೆಯುವುದು 64 ಕಿ.ಮೀ. ವೇಗದಲ್ಲಿ. 95ರಲ್ಲಿ ಡಿಕ್ಕಿಯ ಶಕ್ತಿ ಅದರ ಎರಡು ಪಟ್ಟಿಗೂ ಹೆಚ್ಚು. 140ರಲ್ಲಿ ಸುಮಾರು ಐದು ಪಟ್ಟು. ಅಷ್ಟನ್ನು ತಡೆಯುವಂತೆ ಬಾನೆಟ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಯಾವುದನ್ನೂ ಆ ಪರೀಕ್ಷೆ ಒರೆಗೆ ಹಚ್ಚಿಲ್ಲ. ಎಬಿಎಸ್ ಕೂಡ ದೂರವನ್ನು ದೊಡ್ಡದಾಗಿ ತಗ್ಗಿಸುವ ಸಾಧನವಲ್ಲ. ಚಕ್ರ ಲಾಕ್ ಆಗದಂತೆ ನೋಡಿಕೊಂಡು, ಬ್ರೇಕ್ ಹಿಡಿದಾಗಲೂ ಸ್ಟಿಯರಿಂಗ್ ತಿರುಗುವಂತೆ ಮಾಡುವುದು ಅದರ ಕೆಲಸ.

ಮಳೆ ಬಂದರೆ ಮೇಲಿನ ಅಂಕಿಗಳೆಲ್ಲ ಬದಲಾಗುತ್ತವೆ. ಘರ್ಷಣಾಂಕ 0.4ಕ್ಕೆ ಇಳಿದರೆ 100ರ ವೇಗಕ್ಕೇ ಬ್ರೇಕಿಂಗ್ ದೂರ 98 ಮೀಟರ್, 130ಕ್ಕೆ 166. ರಸ್ತೆಯಲ್ಲಿ ನೀರು ನಿಂತಿದ್ದರೆ ಇನ್ನೂ ಕೆಟ್ಟದ್ದು ಆಗಬಹುದು: ಟೈರು ನೀರನ್ನು ಬದಿಗೆ ತಳ್ಳಲಾರದೆ ಅದರ ಮೇಲೆ ತೇಲುತ್ತದೆ. ಇದೇ ಹೈಡ್ರೋಪ್ಲೇನಿಂಗ್. ಸವೆದ ಟೈರಿಗೆ ಅನ್ವಯಿಸುವ ಹಳೆಯ ಸೂತ್ರದ ಪ್ರಕಾರ ಟೈರಿನ ಗಾಳಿಯ ಒತ್ತಡ 33 ಪಿಎಸ್‌ಐ ಇದ್ದರೆ ಇದು ಸುಮಾರು 96 ಕಿ.ಮೀ. ವೇಗಕ್ಕೆ ಶುರುವಾಗುತ್ತದೆ, 25 ಪಿಎಸ್‌ಐಗೆ ಇಳಿದಿದ್ದರೆ ಸುಮಾರು 83ಕ್ಕೆ. ಆಗ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಗಾಳಿ ಕಡಿಮೆಯಿದ್ದರೆ ಒಣ ರಸ್ತೆಯಲ್ಲೂ ಅಪಾಯ ತಪ್ಪಿದ್ದಲ್ಲ. ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾದು, ಕೊನೆಗೆ ಸಿಡಿಯುತ್ತವೆ. ಗಾಳಿಯನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಟೈರಿನ ಪಕ್ಕದಲ್ಲಿ 2321 ಎಂದಿದ್ದರೆ ಅದು 2021ರ 23ನೇ ವಾರ ತಯಾರಾದದ್ದು. ಗೆರೆಯ ಆಳ 1.6 ಮಿ.ಮೀ.ಗೆ ಬಂದಿದ್ದರೆ ಬದಲಿಸಲೇಬೇಕು.

ರಾತ್ರಿಯಲ್ಲಿ ಮಿತಿ ಹಾಕುವುದು ಕಣ್ಣು. ಸಾಮಾನ್ಯ ಕಾರಿನ ಡಿಮ್ ಲೈಟ್‌ನಲ್ಲಿ ಚೆನ್ನಾಗಿ ಕಾಣುವುದು ಐವತ್ತು ಅರವತ್ತು ಮೀಟರ್. 100ರ ವೇಗದಲ್ಲೇ ಅದು ಸಾಲದು ಎಂದ ಮೇಲೆ, ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೈಲರ್ ಕಾಣುವ ಹೊತ್ತಿಗೆ 130ರವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ವೇಗಮಿತಿಯಿಲ್ಲದ ಆಟೋಬಾನ್ ಹೆದ್ದಾರಿಗಳಿಗೆ ಹೆಸರಾದ ಜರ್ಮನಿಯ ಸಂಚಾರ ನಿಯಮದ 3ನೇ ಕಲಂ ಕೂಡ, ಕಾಣುವ ದೂರದೊಳಗೆ ನಿಲ್ಲಿಸಲು ಸಾಧ್ಯವಾಗುವಷ್ಟೇ ವೇಗದಲ್ಲಿ ಓಡಿಸಬೇಕು ಎನ್ನುತ್ತದೆ. ನಮ್ಮಲ್ಲಿ ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 100 ಕಿ.ಮೀ. ವಿನ್ಯಾಸ ವೇಗದ ರಸ್ತೆಗೆ, ಎರಡೂವರೆ ಸೆಕೆಂಡ್ ಪ್ರತಿಕ್ರಿಯೆ ಹಿಡಿದು, 180 ಮೀಟರ್ ನೋಟ ಸಿಗಬೇಕೆಂದು ಗೊತ್ತುಮಾಡಿದೆ. ತಿರುವು, ದಿಬ್ಬಗಳನ್ನು ಕಟ್ಟುವುದು ಆ ಅಳತೆಗೆ. ಅದಕ್ಕಿಂತ ವೇಗವಾಗಿ ಹೋದವನಿಗೆ ತಿರುವಿನಾಚೆಯದನ್ನು ರಸ್ತೆ ಸಾಕಷ್ಟು ಮೊದಲು ತೋರಿಸದೆ ಹೋಗಬಹುದು.

ರಸ್ತೆ ದಾಟುವವರ ಕಡೆಯಿಂದಲೂ ನೋಡಬೇಕು. ಮೂರು ಲೇನ್ ದಾಟಲು ನಡೆಯುವವರಿಗೆ ಸುಮಾರು 9 ಸೆಕೆಂಡ್ ಹಿಡಿಯುತ್ತದೆ. ಆ ಹೊತ್ತಿನಲ್ಲಿ 100ರ ಕಾರು 250 ಮೀಟರ್ ಬರುತ್ತದೆ, 160ರ ಕಾರು 400 ಮೀಟರ್. ಎದುರಿನಿಂದ ಬರುವ ಗಾಡಿಯ ವೇಗ ಅಂದಾಜಿಸುವುದು ಕಣ್ಣಿಗೆ ಕಷ್ಟ. ಜನ ದೂರ ನೋಡಿಯೇ ಹೆಜ್ಜೆ ಇಡುತ್ತಾರೆ. ಅವರ ಲೆಕ್ಕ ತಪ್ಪುವಂತೆ ಮಾಡುವುದು ಚಾಲಕ, ಆದರೂ ಅಪಘಾತವಾದ ಮೇಲೆ ‘ಅಡ್ಡ ಬಂದರು’ ಎಂಬ ಮಾತು ಅವರ ಮೇಲೆಯೇ ಬೀಳುತ್ತದೆ. ಇದು ಅನ್ಯಾಯ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಮಿತಿ 100 ಕಿ.ಮೀ. ರಾಜ್ಯದಲ್ಲಿ 130 ದಾಟಿದವರ ಮೇಲೆ ದಂಡದ ಜೊತೆಗೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸರು 2024ರ ಆಗಸ್ಟ್ 1ರಿಂದ ಜಾರಿಗೆ ತಂದರು. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂನಡಿ ಆರು ತಿಂಗಳವರೆಗೆ ಜೈಲು ಆಗಬಹುದು. ಸುಮಾರು 118 ಕಿ.ಮೀ. ಉದ್ದದ ಆ ದಾರಿಯನ್ನು ಒಂದೇ ಸಮನೆ 100ರಲ್ಲಿ ಓಡಿಸಿದರೆ 71 ನಿಮಿಷ, 130ರಲ್ಲಿ 54 ನಿಮಿಷ. ಉಳಿದ 17 ನಿಮಿಷದಲ್ಲಿ ಒಂದಷ್ಟನ್ನು ಟೋಲ್ ಸಾಲು, ಉಳಿದದ್ದನ್ನು ಊರೊಳಗಿನ ಸಿಗ್ನಲ್‌ಗಳು ತಿನ್ನುತ್ತವೆ.

ಓಡಿಸುವಾಗ ಈ ಲೆಕ್ಕವನ್ನೆಲ್ಲ ತಲೆಯಲ್ಲಿ ಮಾಡಲಾಗದು. ಮುಂದಿನ ಗಾಡಿ ರಸ್ತೆಬದಿಯ ಒಂದು ಫಲಕ ದಾಟಿದೊಡನೆ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎಂದು ನಿಧಾನಕ್ಕೆ ಎಣಿಸಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಫಲಕ ಮುಟ್ಟಿದರೆ ಅಂತರ ಸಾಲದು, ಆಕ್ಸಿಲರೇಟರ್ ಬಿಡಿ. ಮಳೆಯಲ್ಲಿ ಆರರವರೆಗೆ ಎಣಿಸಿ.