ಪದ ಪರಿಚಯ: ನ್ಯಾನ್ ಇರುವ ಅರೇಗಳ ವಿಂಗಡಣೆ

ಅರೇಯೊಂದನ್ನು, ಅಂದರೆ ಸಾಲಾಗಿ ಜೋಡಿಸಿಟ್ಟ ಮೌಲ್ಯಗಳನ್ನು, ವಿಂಗಡಿಸುವಾಗ, ಅದರ ಯಾವ ಎರಡು ಮೌಲ್ಯಗಳನ್ನು ಎತ್ತಿಕೊಂಡರೂ ಚಿಕ್ಕದು ಯಾವುದು, ದೊಡ್ಡದು ಯಾವುದು ಎಂದು ಹೇಳಬಹುದು ಎಂದು ನಾವು ನಂಬಿರುತ್ತೇವೆ. ದತ್ತಾಂಶದಲ್ಲಿ ಬಿಟ್ಟುಹೋದ ಮೌಲ್ಯವಿದ್ದರೆ ಈ ನಂಬಿಕೆ ನಿಲ್ಲುವುದಿಲ್ಲ. ಅಂಥ ತೆರಪನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ ‘ನ್ಯಾನ್’, ಅಂದರೆ ‘ನಾಟ್ ಎ ನಂಬರ್’, ಗಣಕದಲ್ಲಿ ದಶಮಾಂಶ ಸಂಖ್ಯೆಗಳ ಲೆಕ್ಕ ಹೇಗಿರಬೇಕೆಂದು ಹೇಳುವ 1985ರ ಐಇಇಇ 754 ಮಾನದಂಡದ ನಿಯಮದಂತೆ ಯಾವ ಸಂಖ್ಯೆಗಿಂತಲೂ ಚಿಕ್ಕದಲ್ಲ, ದೊಡ್ಡದೂ ಅಲ್ಲ. ತನಗೆ ತಾನೇ ಸಮವೂ ಅಲ್ಲ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಾಮಾನ್ಯ ಪಟ್ಟಿಯಲ್ಲಿ 3, ನ್ಯಾನ್, 1 ಎಂದಿಟ್ಟು ವಿಂಗಡಿಸಿದರೆ ಅದೇ 3, ನ್ಯಾನ್, 1 ಹಿಂತಿರುಗುತ್ತದೆ. ನ್ಯಾನ್ 3ಕ್ಕಿಂತ ಚಿಕ್ಕದೇ ಎಂಬ ಪ್ರಶ್ನೆಗೂ, 1 ನ್ಯಾನ್‌ಗಿಂತ ಚಿಕ್ಕದೇ ಎಂಬ ಪ್ರಶ್ನೆಗೂ ‘ಅಲ್ಲ’ ಎಂಬ ಉತ್ತರವೇ ಬರುವುದರಿಂದ, ಪಟ್ಟಿ ಆಗಲೇ ಸರಿಯಾದ ಕ್ರಮದಲ್ಲಿದೆ ಎಂದು ಕ್ರಮವಿಧಿ ತೀರ್ಮಾನಿಸುತ್ತದೆ. ದೋಷಸಂದೇಶವೇನೂ ಬರುವುದಿಲ್ಲ, ನನ್ನ ಮಟ್ಟಿಗೆ ಇದರಲ್ಲಿ ಅತ್ಯಂತ ಅಪಾಯದ ಸಂಗತಿ ಅದೇ.

ಅರೇಗಳ ಲೆಕ್ಕಕ್ಕೆಂದು ಪೈಥಾನಿನಲ್ಲಿ ಬಳಸುವ ಸಿದ್ಧ ಕೋಡ್‌ಗಳ ಸಂಗ್ರಹವಾದ ನಂಪೈ ಗ್ರಂಥಾಲಯ ಇದಕ್ಕೊಂದು ಕಟ್ಟುಪಾಡು ಮಾಡಿಕೊಂಡಿದೆ: ವಿಂಗಡಿಸುವಾಗ ನ್ಯಾನ್‌ಗಳೆಲ್ಲ ಕೊನೆಗೆ ಹೋಗುತ್ತವೆ. 24, ನ್ಯಾನ್, 19, 31 ಎಂಬ ಅಳತೆಗಳು 19, 24, 31, ನ್ಯಾನ್ ಆಗುತ್ತವೆ. ಕೊನೆಯಲ್ಲಿದೆ ಎಂದಮಾತ್ರಕ್ಕೆ ನ್ಯಾನ್ ಎಲ್ಲಕ್ಕಿಂತ ದೊಡ್ಡದು ಎಂದು ತಿಳಿಯಬಾರದು. ಎಲ್ಲಾದರೂ ಇಡಲೇಬೇಕಾದ್ದರಿಂದ ಅಲ್ಲಿಟ್ಟಿದೆ, ಅಷ್ಟೆ. ಇದನ್ನು ಮರೆತು, ವಿಂಗಡಿಸಿದ ಅರೇಯ ಕೊನೆಯ ಅಂಶವನ್ನೇ ಗರಿಷ್ಠವೆಂದು ತೆಗೆದುಕೊಂಡರೆ ಕೈಗೆ ಸಿಗುವುದು ನ್ಯಾನ್. ಇಳಿಕೆ ಕ್ರಮಕ್ಕಾಗಿ ಅರೇಯನ್ನು ತಿರುಗಿಸಿದರಂತೂ ಅದೇ ನ್ಯಾನ್ ಮೊದಲ ಸ್ಥಾನಕ್ಕೆ ಬಂದು ಕೂರುತ್ತದೆ. ಪ್ರತಿ ಮೌಲ್ಯದ ಚಿಹ್ನೆಯನ್ನು ಬದಲಿಸಿ, ವಿಂಗಡಿಸಿ, ಮತ್ತೆ ಚಿಹ್ನೆ ಬದಲಿಸಿದರೆ 31, 24, 19, ನ್ಯಾನ್ ಎಂಬ ಬೇಕಾದ ಕ್ರಮ ಸಿಗುತ್ತದೆ.

ಕೋಷ್ಟಕ ರೂಪದ ದತ್ತಾಂಶಕ್ಕೆ ಬಳಸುವ ಪೈಥಾನಿನ ಇನ್ನೊಂದು ಗ್ರಂಥಾಲಯ ಪಾಂಡಾಸ್‌ನಲ್ಲಿ ಏರಿಕೆಯಿರಲಿ, ಇಳಿಕೆಯಿರಲಿ, ಬಿಟ್ಟುಹೋದವು ಕೊನೆಯಲ್ಲೇ ಉಳಿಯುತ್ತವೆ. ಬೇಕೆಂದರೆ ಮೊದಲಿಗೂ ತರಬಹುದು. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಭಾಷೆಯಲ್ಲಿ ವಿಂಗಡಿಸುವ ಆದೇಶವಾದ ಸಾರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆ ಸೂಚನೆ ಇಲ್ಲದಿದ್ದರೆ ಅವನ್ನು ತೆಗೆದೇ ಹಾಕುತ್ತದೆ. ಆಗ ಫಲಿತಾಂಶದ ಉದ್ದವೇ ಕಡಿಮೆಯಾಗುವುದರಿಂದ, ಅದನ್ನು ಮೂಲದ ಸಾಲುಗಳ ಪಕ್ಕ ಇಟ್ಟು ನೋಡುವವರು ಎಚ್ಚರವಾಗಿರಬೇಕು.

ನ್ಯಾನ್ ಬದಲು -999ರಂಥ ಗುರುತುಸಂಖ್ಯೆ ತುಂಬುವ ಹಳೆಯ ರೂಢಿಯನ್ನು ನಾನು ಒಪ್ಪಲಾರೆ, ಏಕೆಂದರೆ ಅದು ನಿಜವಾದ ಅಳತೆಯ ವೇಷದಲ್ಲಿ ಸಾಲಿನ ಮೊದಲಿಗೇ ಬಂದು ನಿಲ್ಲುತ್ತದೆ. ಅಂಥ ದತ್ತಾಂಶ ಕೈಗೆ ಬಂದಾಗ ನಂಪೈಯ ಮಾಸ್ಕ್ಡ್ ಅರೇ ಬಳಸಿ ಆ ಸ್ಥಾನಗಳನ್ನು ಮುಚ್ಚಿಟ್ಟರೆ, ವಿಂಗಡಣೆಯಲ್ಲಿ ಅವು ಕೊನೆಗೆ ಸರಿಯುತ್ತವೆ.